ಲಿಫ್ಟಣ್ಣನ ಚೀಟಿ

ನನ್ನ ಗಂಡ ದೇವರಿಗೆ ಬರೆದ ಚೀಟಿಯನ್ನು ಚರ್ಚ್ ಸಭೆಯ ಹಿರಿಯರೊಬ್ಬರು ಮನೆಗೇ ತಂದು ವಾಪಸ್ ಕೊಟ್ಟರು. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಮ್ಮ ಚರ್ಚಿನ ಬಾಗಿಲಲ್ಲಿ ಎರಡು ಮರದ ಪೆಟ್ಟಿಗೆಗಳಿವೆ. ದೇವರಲ್ಲಿ ಏನಾದರೂ ಬೇಡುವವರು ಎಡಗಡೆಯ ಕೋರಿಕೆ ಪೆಟ್ಟಿಗೆಗೆ ಚೀಟಿ ಹಾಕುತ್ತಾರೆ. ಬೇಡಿದ್ದು ಸಿಕ್ಕವರು ಕೃತಜ್ಞತೆ ಬರೆದು ಬಲಗಡೆಯ ಸ್ತೋತ್ರದ ಪೆಟ್ಟಿಗೆಗೆ. ಕರುಳಿನಲ್ಲಿ ಗಡ್ಡೆ ಇದೆ, ತೆರೆದು ನೋಡಿದ ಮೇಲೇ ಮಿಕ್ಕದ್ದು ಹೇಳುತ್ತೇವೆ ಎಂದು ಡಾಕ್ಟರು ಹೇಳಿದ ವಾರ, ನಮ್ಮವರು "ಮಂಗಳವಾರದ ಆಪರೇಷನ್‌ಗಾಗಿ ಕರ್ತನಿಗೆ ಸ್ತೋತ್ರ" ಎಂದು ಬರೆದು ಬಲಗಡೆಗೆ ಹಾಕಿಬಂದರು.

ಹಿರಿಯರು ಕುರ್ಚಿಯ ಅಂಚಿನಲ್ಲಿ ಕೂತು, "ಆಪರೇಷನ್ ಇನ್ನೂ ಆಗಿಲ್ವಲ್ಲಪ್ಪ, ಇದು ಕೋರಿಕೆ ಪೆಟ್ಟಿಗೇಲಿ ಇರಬೇಕಾದದ್ದು" ಎಂದರು. ಅಷ್ಟಕ್ಕೇ ಎದ್ದು ಹೋಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. "ನಂಬಿಕೆ ಗಟ್ಟಿಯಾಗಿದ್ರೆ ಚಾಕು ಕತ್ತರಿ ಯಾಕೆ ಬೇಕು" ಎಂದೂ ಸೇರಿಸಿದರು. ಮೂಗಿನ ಮೇಲೆ ದಪ್ಪ ಕನ್ನಡಕ ಏರಿಸಿಕೊಂಡು ಬಂದು ಆಡುವ ಮಾತೇ ಇದು? "ಹಂಗಾದ್ರೆ ಕನ್ನಡಕ ಇಲ್ಲೇ ಇಟ್ಟು ಹೋಗಿ, ನಂಬಿಕೆ ಇದ್ರೆ ದಾರಿ ಕಾಣುತ್ತೆ" ಎಂದೆ. ನಮ್ಮವರು ನನ್ನ ಕೈ ಹಿಡಿದು ಒತ್ತಿದರು. ಬಾಯಿ ಮುಚ್ಚು ಎನ್ನುವುದಕ್ಕೆ ಅವರದು ಅದೇ ಭಾಷೆ.

ಹಿರಿಯರು ಹೋದ ಮೇಲೆ ಇವರ ಮೇಲೂ ಹರಿಹಾಯ್ದೆ. "ಬದುಕಿ ಬರೋಕೆ ಮೊದಲೇ ಎಂಥ ಸ್ತೋತ್ರ ನಿಮ್ಮದು?"

"ಆಮೇಲೆ ಹೇಳೋಕೆ ಇರ್ತೀನೋ ಇಲ್ವೋ ಕಣೇ. ಒಳ್ಳೆ ಡಾಕ್ಟ್ರು ಸಿಕ್ಕಿದ್ದಾರೆ. ಅವರ ಕೈನೂ ದೇವರೇ ಮಾಡಿದ್ದಲ್ವಾ. ಸಿಕ್ಕಿದ್ದಕ್ಕೆ ಈಗಲೇ ಹೇಳಿಬಿಡ್ತೀನಿ" ಎಂದರು. ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ? ಚೀಟಿಯನ್ನು ನನ್ನ ಪರ್ಸಿಗೆ ತುರುಕಿಕೊಂಡೆ.

ಇಪ್ಪತ್ತಾರು ವರ್ಷ ಅವರು ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸಿದವರು. ಅಲ್ಲಿ ಎಲ್ಲರಿಗೂ ಲಿಫ್ಟಣ್ಣ. ಗುಂಡಿ ಒತ್ತಿದರೆ ಓಡುವ ಲಿಫ್ಟಲ್ಲ ಅದು. ಜಾಲರಿ ಬಾಗಿಲು ಎಳೆದು, ಸ್ಟೂಲಿನ ಮೇಲೆ ಕೂತು, ಹಿತ್ತಾಳೆ ಹಿಡಿಕೆ ತಿರುಗಿಸಿ ನಡೆಸಬೇಕಾದ ಹಳೇ ಕಾಲದ್ದು. ಆಪರೇಷನ್ ಥಿಯೇಟರ್ ಇರುವುದು ನಾಲ್ಕನೇ ಮಹಡಿಯಲ್ಲಿ. ಸ್ಟ್ರೆಚರ್ ಮೇಲೆ ಮಲಗಿ ಹೋಗುವ ಪ್ರತಿಯೊಬ್ಬರಿಗೂ ಇವರು ಹೇಳುತ್ತಿದ್ದುದು ಒಂದೇ ಮಾತು: "ಹೋಗಿ ಬನ್ನಿ, ಇಳಿಸೋಕೆ ನಾನಿರ್ತೀನಿ." ಹೇಳಿದ ಮೇಲೆ ಇರಬೇಕಲ್ಲ. ಡ್ಯೂಟಿ ಮುಗಿದರೂ, ಬೆಳಿಗ್ಗೆ ಹತ್ತಿಸಿದವರು ಇಳಿಯುವ ತನಕ ಮನೆಯ ದಾರಿ ಹಿಡಿಯುತ್ತಿರಲಿಲ್ಲ. ಬೈದು ಬೈದು ಸಾಕಾಗಿ, ಕೊನೆಗೆ ನಾನೇ ಊಟದ ಡಬ್ಬಿ ಹಿಡಿದು ಹೋಗತೊಡಗಿದೆ. ಅವರು ಊಟ ಮಾಡುವಾಗ ಸ್ಟೂಲಿನ ಮೇಲೆ ಕೂತು ಹಿಡಿಕೆ ತಿರುಗಿಸುವುದನ್ನೂ ಕಲಿತೆ. "ನೆಲ ಮುಟ್ಟೋಕೆ ಒಂದು ಗೇಣು ಇರೋವಾಗ ಕೈ ಬಿಡಬೇಕು" ಎಂದು ಹೇಳಿಕೊಡುತ್ತಿದ್ದರು.

ಕೆಲವರು ಇವರ ಲಿಫ್ಟಿನಲ್ಲಿ ಇಳಿಯುತ್ತಿರಲಿಲ್ಲ. ಹಿಂಬದಿಯಲ್ಲಿ ಇನ್ನೊಂದಿದೆ, ಮುಖ ಮುಚ್ಚಿದವರನ್ನು ಇಳಿಸುವುದು ಅದರಲ್ಲಿ. ಗೋಡೆಯಾಚೆ ಅದರ ಸದ್ದು ಕೇಳಿದ ದಿನ ಅವರು ಡಬ್ಬಿ ಮುಟ್ಟುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರನ್ನೇ ಅದೇ ಲಿಫ್ಟಿನಲ್ಲಿ ಮಲಗಿಸಿ ಹತ್ತಿಸಿದರು. ಅವರ ಬದಲಿಗೆ ಬಂದಿದ್ದ ಆಪರೇಟರ್ ಸ್ಟೂಲಿನ ಮೇಲೆ ಮೊಬೈಲ್ ನೋಡುತ್ತ ಕೂತಿದ್ದ. ನಮ್ಮವರು ಮೇಲೆ ನೋಡುತ್ತ, "ಚಾವಣಿ ತುಂಬ ತುಕ್ಕು ಕಣೇ. ಇಷ್ಟು ವರ್ಷ ಇಲ್ಲೇ ಕೂತಿದ್ದೆ, ಒಂದ್ಸಲಾನೂ ತಲೆ ಎತ್ತಿ ನೋಡ್ಲಿಲ್ಲ. ಪಾಪ, ಎಲ್ರೂ ಇದನ್ನೇ ನೋಡ್ಕೊಂಡು ಹೋಗಿದ್ದಾರೆ" ಎಂದರು. ಹೊಟ್ಟೆ ಕೊಯ್ಯಲು ಕರೆದೊಯ್ಯುವಾಗ ಇವರಿಗೆ ತುಕ್ಕಿನ ಚಿಂತೆ.

ನಾಲ್ಕನೇ ಮಹಡಿ ಬಂತು. ಆಪರೇಟರ್ ತುಟಿ ಬಿಚ್ಚಲಿಲ್ಲ. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿದ ಮಾತನ್ನು ಈ ಮನುಷ್ಯನಿಗೆ ಹೇಳಲು ಒಬ್ಬರೂ ಇಲ್ಲವಲ್ಲ. ಸ್ಟ್ರೆಚರ್ ಥಿಯೇಟರಿನ ಬಾಗಿಲು ದಾಟುವಾಗ ನಾನೇ ಜೋರಾಗಿ ಹೇಳಿದೆ: "ಹೋಗಿ ಬನ್ನಿ, ಇಳಿಸೋಕೆ ನಾನಿರ್ತೀನಿ."

ಆರು ಗಂಟೆ ಹೊತ್ತು ಬೆಂಚಿನ ಮೇಲೆ ಕೂತಿದ್ದೆ. ಪ್ರಾರ್ಥನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ದೇವರ ಜೊತೆ ಜಗಳ ಆಡಿದೆ. ಸಂಜೆ ಐದಕ್ಕೆ ಆಪರೇಟರ್ ಲಿಫ್ಟಿಗೆ ಬೀಗ ಹಾಕಿ, ಕೀಲಿಯನ್ನು ನರ್ಸ್ ಮೇಜಿನ ಮೇಲಿಟ್ಟು ಹೊರಟ.

"ಒಬ್ರು ಇನ್ನೂ ಒಳಗಿದ್ದಾರಲ್ಲಪ್ಪ" ಎಂದೆ.

"ನನ್ನ ಟೈಮ್ ಆಯ್ತಮ್ಮ. ಹಿಂದಿನ ಲಿಫ್ಟ್ ಇದೆಯಲ್ಲ" ಎಂದು ಮೆಟ್ಟಿಲಿಳಿದು ಹೋಗೇಬಿಟ್ಟ. ಎಲ್ಲರಿಗಾಗಿ ಕಾದ ಮನುಷ್ಯನಿಗೆ ಕಾಲು ಗಂಟೆ ಕಾಯುವವರಿಲ್ಲ.

ಸ್ವಲ್ಪ ಹೊತ್ತಿಗೆ ಥಿಯೇಟರಿನ ಬಾಗಿಲು ತೆರೆಯಿತು. ಡಾಕ್ಟರು ಮಾಸ್ಕ್ ಇಳಿಸಿ, "ಸದ್ಯ ಜೀವಕ್ಕೆ ಭಯ ಇಲ್ಲಮ್ಮ. ಗಡ್ಡೆ ಪೂರ್ತಿ ತೆಗೆಯೋಕಾಗ್ಲಿಲ್ಲ, ಸ್ವಲ್ಪ ಉಳಿದಿದೆ. ಔಷಧಿ ಕೊಟ್ಟು ನೋಡೋಣ" ಎಂದರು. ಹಿಂದೆಯೇ ಬಂದ ಅಟೆಂಡರ್ ಸ್ಟ್ರೆಚರನ್ನು ಹಿಂಬದಿಗೆ ತಿರುಗಿಸಿದ. ನಾನು ಅಡ್ಡ ನಿಂತೆ.

"ಉಸಿರಾಡ್ತಿರೋ ಮನುಷ್ಯನ್ನ ಆ ಲಿಫ್ಟಲ್ಲಿ ಇಳಿಸೋಕೆ ನಾನು ಬಿಡಲ್ಲ."

"ಮತ್ತೆ ಈ ಲಿಫ್ಟ್ ನಡೆಸೋರು ಯಾರಮ್ಮ?" ಎಂದು ಅಟೆಂಡರ್ ಕೇಳಿದ.

"ನಾನು" ಎಂದೆ.

ಹಿರಿಯ ನರ್ಸ್ ನನ್ನ ಮುಖ ನೋಡಿದರು. ಒಂದು ಸಲ ಅವರ ತಾಯಿಯನ್ನೂ ನಮ್ಮವರೇ ಕಾದಿದ್ದು ಇಳಿಸಿದ್ದರು. ಮೇಜಿನ ಮೇಲಿದ್ದ ಕೀಲಿ ತೆಗೆದು ನನ್ನ ಕೈಗಿಟ್ಟರು.

ಜಾಲರಿ ಬಾಗಿಲು ಎಳೆದು, ಸ್ಟೂಲಿನ ಮೇಲೆ ಕೂತು ಹಿಡಿಕೆ ತಿರುಗಿಸಿದೆ. ಕೆಳಗೆ ಬರುವಾಗ ಗೇಣಿನ ಅಂದಾಜು ತಪ್ಪಿ ಲಿಫ್ಟ್ ನೆಲಕ್ಕಿಂತ ಮೇಲೆಯೇ ನಿಂತಿತು. ಸ್ಟ್ರೆಚರ್ ಮೇಲಿಂದ, ಇನ್ನೂ ಮಂಪರಿನಲ್ಲಿದ್ದವರ ದನಿ ಬಂತು: "ಬೇಗ ಕೈ ಬಿಟ್ಟೆ... ಇನ್ನೊಂಚೂರು ಇಳಿಸು." ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಅಳು ಅಲ್ಲಿ ಕಿತ್ತುಕೊಂಡು ಬಂತು. ಅಳುತ್ತಲೇ ಇನ್ನೊಂಚೂರು ಇಳಿಸಿದೆ.

ಭಾನುವಾರ ಒಬ್ಬಳೇ ಚರ್ಚಿಗೆ ಹೋದೆ. ಪರ್ಸಿನಿಂದ ಅದೇ ಚೀಟಿ ತೆಗೆದು ಬಲಗಡೆಯ ಪೆಟ್ಟಿಗೆಗೆ ಹಾಕಲು ಹೋದರೆ, ಹಿರಿಯರು ಬಂದು ಅದರ ಬಾಯಿಗೆ ಅಂಗೈ ಅಡ್ಡ ಇಟ್ಟರು.

"ಪೂರ್ತಿ ಗುಣ ಆಗಿಲ್ವಂತಲ್ಲಮ್ಮ. ಆ ಕಡೆ ಹಾಕಿ, ನಾವೆಲ್ಲ ಪ್ರಾರ್ಥನೆ ಮಾಡ್ತೀವಿ."

ಹಿಂದೆ ಜನ ನಿಂತಿದ್ದರು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ: "ಆ ಕಡೆಗೂ ಒಂದು ಬರೆದು ಹಾಕ್ತೀನಿ, ಪ್ರಾರ್ಥನೆ ಮಾಡಿ. ಇದು ಮಾತ್ರ ಇಲ್ಲಿಗೇ. ನಮ್ಮನೆಯವರು ಇಳಿದು ಬಂದಿದ್ದಾರೆ. ನಾನೇ ಇಳಿಸಿದ್ದೀನಿ. ಕೈ ತೆಗೀರಿ."