ಆರಕ್ಕೆ ಮುಂಚೆ ಏಳು

ಡಿಸೆಂಬರ್ ಇಪ್ಪತ್ನಾಲ್ಕು, ಬೆಳಗಿನ ಜಾವ. ಊರಿಗೆ ಊರೇ ಕಂಬಳಿಯೊಳಗಿದೆ. ಚಿತ್ರಮಂದಿರದ ಹಿಂಬದಿಯ ಕಬ್ಬಿಣದ ಮೆಟ್ಟಿಲು ಹತ್ತಿ, ಬೀಗ ತೆಗೆದು, ಬಾಗಿಲಿಗೆ ಭುಜದಿಂದ ಒಂದು ಗುದ್ದು ಕೊಡುತ್ತಾರೆ ರೀಲಣ್ಣ. ಒಂದು ಗುದ್ದಿಗೆ ಅದು ಜಗ್ಗುವುದಿಲ್ಲ. ಇನ್ನೊಂದು. ಬಾಗಿಲು ತೆರೆದ ಕೂಡಲೇ ಒಳಗೆ ರೆಕ್ಕೆ ಪಟಪಟ. ಪೇಪರಿಗೆ ಬರೆಯಲು ಜತೆಗೆ ಬಂದ ನನ್ನತ್ತ ತಿರುಗುತ್ತಾರೆ.

“ಬಂದು ಕೂತಿದೆ ನೋಡಿ, ಶನಿ!”

ಶನಿ ಎಂದರೆ ಪಾರಿವಾಳ. ಹಿಂಬದಿಯ ಒಡೆದ ಕಿಟಕಿಯಿಂದ ನುಗ್ಗಿ ಸಿನಿಮಾ ಮಷಿನ್ನಿನ ನೆತ್ತಿಯ ಮೇಲೆ ರಾತ್ರಿ ಕಳೆಯುತ್ತದೆ, ಬೆಳಗಾಗುವಷ್ಟರಲ್ಲಿ ಬಾಡಿಗೆಯನ್ನೂ ಅಲ್ಲೇ ಇಟ್ಟಿರುತ್ತದೆ. ಹಳೇ ಬನಿಯನ್ ತುಂಡಿನಿಂದ ಆ ಬಾಡಿಗೆಯನ್ನು ಒರೆಸುತ್ತಾ ರೀಲಣ್ಣ ಗೊಣಗುತ್ತಾರೆ, “ಮೂವತ್ತು ವರ್ಷದಿಂದ ಓಡಿಸ್ತಿದ್ದೀನಿ. ನಾನು ಓಡಿಸಿದ್ರಲ್ಲಿ ಓಡದೇ ಇರೋದು ಇದೊಂದೇ.”

ರೀಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬೆಚ್ಚಗೆ ಮಲಗಿದೆ. ದಿನಕ್ಕೆ ನಾಲ್ಕು ಆಟ ರೀಲು ಬಿಡುವುದೇ ಉದ್ಯೋಗವಾದರೂ ಬಾಯಲ್ಲಿ ಒಂದು ರೀಲೂ ಬಿಟ್ಟ ಮನುಷ್ಯನಲ್ಲ. ಸುಳ್ಳು ಹೇಳಲೂ ಒಂದಿಷ್ಟು ತಾಳ್ಮೆ ಬೇಕು. ಅವರ ತಾಳ್ಮೆಯೆಲ್ಲ ಒಂದೇ ಒಂದು ಸಿನಿಮಾದ ಮೇಲೆ ಖರ್ಚಾಗಿಹೋಗಿದೆ.

ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿನ ಹಿಂದಿನ ದಿನ, ಬೆಳಿಗ್ಗೆ ಆರಕ್ಕೆ ಇಲ್ಲಿ ಆ ಸಿನಿಮಾದ ಒಂದೇ ಒಂದು ಆಟ. ಉಳಿದ ಹೊತ್ತೆಲ್ಲ ಹೊಸ ಚಿತ್ರಗಳ ಪಾಲು. ರಾತ್ರಿ ಪಾಳಿ ಮುಗಿಸಿದ ನರ್ಸುಗಳು, ವಾಚ್‌ಮನ್‌ಗಳು, ಬಸ್ ಡ್ರೈವರುಗಳು, ಒಲೆಯ ಮುಂದಿನಿಂದ ಎದ್ದುಬಂದ ಬೇಕರಿಯವರು, ಎಲ್ಲರೂ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ ಬರುತ್ತಾರೆ. ಚರ್ಚಿಗೆ ಹೋಗುವವರೂ ಉಂಟು, ಅದರ ಗೇಟನ್ನೂ ನೋಡದವರೂ ಉಂಟು. ಕೌಂಟರಿನಲ್ಲಿ ಟಿಕೆಟ್ ಅಕ್ಕ, ಮುಂದಿನ ಸಾಲಿನಲ್ಲಿ ಫಾದರ್, ಬಾಲ್ಕನಿಯಲ್ಲಿ ಸಿಸ್ಟರ್, ಮೇಲಿನ ಕೋಣೆಯಲ್ಲಿ ರೀಲಣ್ಣ. ಈ ಆಟಕ್ಕೆ ಬರುವವರೆಲ್ಲ ಹೇಗೋ ನೆಂಟರೇ ಆಗಿಬಿಡುತ್ತಾರೆ.

ಸಿನಿಮಾ ಹಳೆಯದು, ಕಪ್ಪು ಬಿಳುಪು. ಅದಕ್ಕೊಂದು ಹೆಸರಿದೆ, ಆದರೆ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ‘ಟೋಪಿ ಪಿಕ್ಚರ್’ ಅಂದರೆ ಸಾಕು. ಹಿಮದ ಊರೊಂದರಲ್ಲಿ ಒಬ್ಬ ಬೂಟು ರಿಪೇರಿಯವ. ಕಾರ್ಖಾನೆಯ ಬೂಟು ಬಂದ ಮೇಲೆ ಅವನ ಅಂಗಡಿಗೆ ನೊಣವೂ ಬರುವುದಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅಂಗಡಿಗೆ ಬೀಗ ಹಾಕಿ, ಊರು ಬಿಡಲು ಹೊರಡುತ್ತಾನೆ. ಇದು ಐದನೇ ರೀಲು. ಆರನೆಯದರಲ್ಲಿ, ಹುಟ್ಟಿದಾಗಿನಿಂದ ಪ್ರಾರ್ಥನೆ ಮಾಡದವನು ಖಾಲಿ ಚರ್ಚಿಗೆ ಹೋಗಿ, ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, “ಯಾರಾದ್ರೂ ಇದ್ದೀರಾ? ಇದ್ರೆ ಒಂದು ಗುರುತು ಕೊಡಿ” ಅನ್ನುತ್ತಾನೆ. ಉತ್ತರವಿಲ್ಲ. ಏಳನೆಯದರಲ್ಲಿ ಬೀದಿಗೆ ಬಂದು, ಚಳಿಗೆ ನಡುಗುವ ಗಾಡಿಯ ಮುದುಕನಿಗೆ ಆ ಟೋಪಿಯನ್ನು ಕೊಟ್ಟುಬಿಡುತ್ತಾನೆ. ಅತ್ತ ಅವನಿಗೆ ಗೊತ್ತಿಲ್ಲದಂತೆ ಅಂಗಡಿಯ ಮುಂದೆ ಊರವರು ಹರಿದ ಬೂಟು ಹಿಡಿದು ಸಾಲುಗಟ್ಟುತ್ತಾರೆ. ಹರಿಯದ ಬೂಟಿದ್ದವರು ತಾವೇ ಹರಿದುಕೊಂಡು ಬಂದಿರುತ್ತಾರೆ. ಎಂಟನೆಯದರಲ್ಲಿ ಅವನು ವಾಪಸ್ ಬಂದು ಅವರನ್ನು ನೋಡುತ್ತಾನೆ, ಬೀಗ ತೆಗೆಯುತ್ತಾನೆ. ಶುಭಂ.

ಇದು ಸಿನಿಮಾ ತೆಗೆದವರು ತೆಗೆದದ್ದು. ಈ ಊರು ನೋಡಿದ್ದು ಬೇರೆ.

ಮೊದಲ ವರ್ಷ ರೀಲುಗಳು ಬಂದಾಗ ಆರು ಮತ್ತು ಏಳರ ಡಬ್ಬಿಗಳ ಮುಚ್ಚಳ ಎಲ್ಲೋ ದಾರಿಯಲ್ಲಿ ಅದಲುಬದಲಾಗಿದ್ದವು. ರೀಲಣ್ಣ ಮುಚ್ಚಳ ನಂಬಿದರು. “ಕೊಟ್ಟ ಟೋಪಿ ಮತ್ತೆ ಅವನ ಕೈಯಲ್ಲಿ ನೋಡಿದ ತಕ್ಷಣ ಗೊತ್ತಾಯ್ತು. ಅಯ್ಯೋ ಹಾಳಾಗಿ ಹೋಯ್ತು, ನಿಲ್ಲಿಸೋಣ ಅಂತ ಕೈ ಇಟ್ಟೆ. ಕೆಳಗಡೆ ಬಗ್ಗಿ ನೋಡಿದ್ರೆ ಒಬ್ರೂ ಅಲುಗಾಡ್ತಿಲ್ಲ. ನಿಲ್ಲಿಸಿದ್ರೆ ಕುರ್ಚಿ ಮುರೀತಾರೆ ಅಂತ ಬಿಟ್ಬಿಟ್ಟೆ. ಅದೇ ನಾನು ಮಾಡಿದ್ದು ನೋಡಿ, ಬಿಟ್ಟಿದ್ದು.”

ಆದದ್ದೇನೆಂದರೆ, ಮೊದಲು ಊರವರು ಬಂದು ಅಂಗಡಿಯ ಬಾಗಿಲಲ್ಲಿ ನಿಂತರು. ಆಮೇಲೆ ನಾಯಕ ಚರ್ಚಿಗೆ ಹೋಗಿ “ಯಾರಾದ್ರೂ ಇದ್ದೀರಾ?” ಎಂದ. ಕತ್ತಲಲ್ಲಿ ಬಾಲ್ಕನಿಯಿಂದ ಒಂದು ಹೆಣ್ಣುದನಿ ತಡೆಯಲಾರದೆ ಚೀರಿತು: “ಬಂದಿದ್ದಾರೆ ಕಣೋ ಮಹಾರಾಯ! ಬಾಗಿಲಲ್ಲೇ ನಿಂತಿದ್ದಾರೆ, ಹೋಗೋ!”

ದನಿ ನರ್ಸಿನದು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. ಈಗ ನಿವೃತ್ತಿಯ ಅಂಚಿನಲ್ಲಿರುವ ಹೆಡ್ ನರ್ಸ್, ಊರಿಗೆಲ್ಲ ಸಿಸ್ಟರ್. ಅವತ್ತು ಒಬ್ಬರ ಗಂಟಲು, ಇವತ್ತು ಇಡೀ ಥಿಯೇಟರಿನದು. ಪ್ರತಿ ವರ್ಷ ಆ ಜಾಗ ಬಂದಾಗ ಜನ ಒಕ್ಕೊರಲಿನಿಂದ ಪರದೆಗೆ ಬೈಯುತ್ತಾರೆ. ಬೈಯುವುದಕ್ಕೆಂದೇ ಬರುತ್ತಾರೆ ಎಂದರೂ ತಪ್ಪಿಲ್ಲ.

ಹಾಗಾದರೆ ಮಾರನೇ ವರ್ಷ ಸರಿಯಾಗಿ ಹಾಕಬಹುದಿತ್ತಲ್ಲ? ಈ ಪ್ರಶ್ನೆ ಕೇಳಿದರೆ ರೀಲಣ್ಣ ಕೈಲಿದ್ದ ಬಟ್ಟೆಯನ್ನು ಮಷಿನ್ ಮೇಲೆ ಬಿಸಾಡುತ್ತಾರೆ.

“ಹಾಕ್ದೆ ಸ್ವಾಮಿ, ಹಾಕ್ದೆ! ಸರಿಯಾಗೇ ಹಾಕ್ದೆ. ‘ಪಿಕ್ಚರ್ ಕಟ್ ಮಾಡಿದ್ದಾನೆ, ಕಳ್ಳ’ ಅಂತ ಮೇಲಕ್ಕೆ ಬಂದು ಬಾಗಿಲು ಬಡಿದ್ರು. ಆ ಸಿಸ್ಟರ್ ಅಂತೂ ‘ಏನ್ರೀ, ಇರೋ ಒಳ್ಳೆ ಸಿನಿಮಾನ ಹಾಳು ಮಾಡೋಕೆ ನಿಮಗೇನು ಅಧಿಕಾರ’ ಅಂದ್ರು. ತಪ್ಪು ಮಾಡಿದಾಗ ಚಪ್ಪಾಳೆ, ಸರಿ ಮಾಡಿದಾಗ ಉಗಿತ. ಆಮೇಲಿಂದ ಪ್ರತಿ ವರ್ಷ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಹಾಕ್ತಿದ್ದೀನಿ.”

ಟೋಪಿಯ ಕಥೆ ಇನ್ನೂ ಘೋರ. ಕೊಟ್ಟ ಟೋಪಿ ಮುಂದಿನ ರೀಲಿನಲ್ಲಿ ಕೈಗೆ ಹೇಗೆ ಬಂತು ಎಂದು ಒಬ್ಬರಾದರೂ ಕೇಳಲಿ ಎಂದು ಅವರು ವರ್ಷಗಟ್ಟಲೆ ಕಾದರು. ಕೊನೆಗೆ ಬೇಕರಿಯವರನ್ನು ತಾವೇ ಕೇಳಿದರು. ಬೇಕರಿಯವರಿಗೆ ಸಂಶಯವೇ ಇರಲಿಲ್ಲ: “ಕೊಟ್ಟಿದ್ದು ತಿರುಗಿ ಬಂದೇ ಬರುತ್ತೆ ಅಂತ ತೋರಿಸಿದ್ದಾರೆ ಕಣ್ರೀ. ಡೈರೆಕ್ಟರ್ ದೊಡ್ಡ ಮನುಷ್ಯ.” “ಡೈರೆಕ್ಟರ್ ಅಲ್ಲಯ್ಯಾ, ಡಬ್ಬಿ! ಸರಿ, ಕೊನೇ ರೀಲಲ್ಲಿ ಮತ್ತೆ ಬರಿತಲೆಲಿ ಬರ್ತಾನಲ್ಲ, ಆಗ?” “ಮತ್ತೆ ಯಾರಿಗೋ ಕೊಟ್ಟಿರ್ತಾನೆ. ಅಂಥ ಮನುಷ್ಯ ಅವನು.”

ಊರಿಗೆ ಊರೇ ತಾನೇ ಹೊಲಿದುಕೊಂಡ ಟೋಪಿ ಹಾಕಿಕೊಂಡು ಕೂತರೆ ಒಬ್ಬ ಆಪರೇಟರ್ ಏನು ಮಾಡಿಯಾನು? ಫಾದರ್ ಒಂದು ಭಾನುವಾರ ಇದನ್ನೇ ಪ್ರಸಂಗ ಮಾಡಿದರಂತೆ: ನಾವು ಬೇಡುವ ಮೊದಲೇ ಅವನು ಕಳಿಸಿರುತ್ತಾನೆ, ನೋಡದೆ ಇರುವವರು ನಾವು. ಸುದ್ದಿ ಕೇಳಿದ ರೀಲಣ್ಣ ಚರ್ಚಿಗೇ ನಡೆದರು. “ಫಾದರ್, ಅದು ದೇವರ ಲೀಲೆ ಅಲ್ಲ, ಮುಚ್ಚಳದ ಲೀಲೆ” ಎಂದರು. ಫಾದರ್ ನಕ್ಕು, “ದೇವರಿಗೆ ಮುಚ್ಚಳ ಬದಲಾಯಿಸೋಕೆ ಬರಲ್ವಾ ರೀಲಣ್ಣ?” ಎಂದು ಕೇಳಿ ಒಳಗೆ ಹೋದರು.

“ಇವ್ರ ಹತ್ರ ಮಾತಾಡೋದೂ ಒಂದೇ, ಗೋಡೆಗೆ ತಲೆ ಚಚ್ಕೊಳ್ಳೋದೂ ಒಂದೇ” ಎನ್ನುತ್ತಾರೆ ರೀಲಣ್ಣ. “ಗೋಡೆ ಆದ್ರೆ ವಾಪಸ್ ಉಪದೇಶ ಮಾಡಲ್ಲ.”

ಕೋಣೆಯಲ್ಲಿರುವುದು ಎರಡು ಮಷಿನ್. ಎಡಗಡೆಯದು ದೊಡ್ಡವ್ನು, ಬಲಗಡೆಯದು ಚಿಕ್ಕವ್ನು. ಒಬ್ಬ ಓಡುತ್ತಿರುವಾಗ ಇನ್ನೊಬ್ಬನಿಗೆ ಮುಂದಿನ ರೀಲು ತೊಡಿಸಿ ನಿಲ್ಲಿಸಿರಬೇಕು. ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿದರೆ ಎಚ್ಚರಿಕೆ. ಎರಡನೆಯದು ಮಿಂಚಿದರೆ ಒಬ್ಬನನ್ನು ಮುಚ್ಚಿ ಇನ್ನೊಬ್ಬನನ್ನು ತೆರೆಯಬೇಕು. ಕೆಳಗೆ ಕೂತವರ ಕಣ್ಣಿಗೆ ಆ ಚುಕ್ಕೆ ಬೀಳುವುದಿಲ್ಲ, ಇವರ ಕಣ್ಣಿಗೆ ಬೇರೇನೂ ಬೀಳುವುದಿಲ್ಲ. “ಹೀರೋಯಿನ್ ಮುಖ ಹೇಗಿದೆ ಕೇಳ್ಬೇಡಿ. ಮೂಲೆ ಹೇಗಿದೆ ಕೇಳಿ, ಹೇಳ್ತೀನಿ.” ದೊಡ್ಡವನ ಸದ್ದಿಗೆ ಎಡಗಿವಿ ಅರ್ಧ ಹೋಗಿದೆ. ಬೇಸಿಗೆಯಲ್ಲಿ ಕೋಣೆ ಒಲೆ, ಚಳಿಯಲ್ಲಿ ಬಾವಿ. ಮಗಳ ಮದುವೆಗೂ ಮ್ಯಾಟಿನಿ ಮುಗಿಸಿಯೇ ಹೋದರು ಎಂಬುದು ಟಿಕೆಟ್ ಅಕ್ಕನ ಖಾಯಂ ದೂರು. ಟಿಕೆಟ್ ಅಕ್ಕ ಅವರ ಹೆಂಡತಿ. ಕೆಳಗೆ ಕಿಂಡಿಯಲ್ಲಿ ಟಿಕೆಟ್ ಹರಿಯುತ್ತಾರೆ, ಮೇಲೆ ಬಂದು ಗಂಡನ ಜತೆ ಹರಿಹಾಯುತ್ತಾರೆ.

ಈ ಸಲದ ಜಗಳಕ್ಕೆ ಕಾರಣ ದೊಡ್ಡದು. ಹೊಸ ವರ್ಷಕ್ಕೆ ದೊಡ್ಡವ್ನು, ಚಿಕ್ಕವ್ನು ಇಬ್ಬರೂ ಗುಜರಿಗೆ. ಅವರ ಜಾಗಕ್ಕೆ ಗುಂಡಿ ಒತ್ತಿದರೆ ಓಡುವ ಹೊಸ ಪೆಟ್ಟಿಗೆ ಬರುತ್ತದೆ. ಟೋಪಿ ಪಿಕ್ಚರಿನ ಹೊಸ ಕಾಪಿಯೂ ಅದರಲ್ಲೇ ಬರುತ್ತದೆ ಎಂದು ಮ್ಯಾನೇಜರ್ ಹೇಳಿಯಾಗಿದೆ. ಗುಂಡಿ ಒತ್ತಲು ರೀಲಣ್ಣ ಬೇಕಾಗಿಲ್ಲ. ಅದಕ್ಕೆ ಅವರಿಗೆ ಅಷ್ಟು ಬೇಜಾರಿಲ್ಲ. ಬೇಜಾರು ಬೇರೆ.

“ಹೊಸ ಕಾಪಿ ಸರಿಯಾಗಿರುತ್ತೆ. ಮುಂದಿನ ವರ್ಷ ಮಷಿನ್ನು ಐದಾದ ಮೇಲೆ ಆರು, ಆರಾದ ಮೇಲೆ ಏಳು ತೋರಿಸುತ್ತೆ. ಆಗ ಜನ ಏನಂತಾರೆ? ಮುದುಕ ಮೂವತ್ತು ವರ್ಷ ತಪ್ಪು ತೋರಿಸ್ದ ಅಂತಾರೆ. ನಾನು ಹೋದ ಮೇಲೆ ಉಳಿಯೋದು ಅದೊಂದೇ ಮಾತು. ಇವತ್ತು ಕೊನೇ ಆಟ. ಇವತ್ತು ನನ್ನ ಕೈಯಾರೆ ಸರಿಯಾಗಿ ತೋರಿಸ್ತೀನಿ. ಕುರ್ಚಿ ಮುರೀಲಿ. ಹೇಗಿದ್ರೂ ಅರ್ಧ ಮುರಿದೇ ಇದಾವೆ.”

ಆರಕ್ಕೆ ಆಟ ಶುರುವಾಗುತ್ತದೆ. ಬಾಲ್ಕನಿಯೂ ತುಂಬಿದೆ. ಐದನೇ ರೀಲು ದೊಡ್ಡವನ ಮೇಲೆ ಓಡುತ್ತಿರುವಾಗ ಟಿಕೆಟ್ ಅಕ್ಕ ಚಹಾದ ಫ್ಲಾಸ್ಕ್ ಹಿಡಿದು ಮೇಲೆ ಬರುತ್ತಾರೆ. ಚಿಕ್ಕವನ ಕಡೆ ನೋಡುತ್ತಾರೆ.

“ಯಾವ ರೀಲು ಹಾಕಿದ್ದೀರಿ?”

“ಆರು.”

“ಯಾವ ಆರು?”

“ಆರು ಅಂದ್ರೆ ಆರು ಕಣೇ. ಐದಾದ್ಮೇಲೆ ಬರೋದು.”

“ರೀ, ಬೇಡ. ಕೊನೇ ದಿನ ಉಗಿಸ್ಕೊಂಡು ಮನೆಗೆ ಹೋಗ್ತೀರಾ? ಆ ಸಿಸ್ಟರಮ್ಮ ಈ ವರ್ಷ ರಿಟೈರ್ ಆಗ್ತಿದ್ದಾಳೆ, ಕೂಗೋಕೆ ಅಂತಾನೇ ಡ್ಯೂಟಿ ಮುಗಿಸಿ ಓಡಿ ಬಂದಿದ್ದಾಳೆ.”

“ಎಲ್ರೂ ಕೂಗ್ಲಿ ಅಂತ ನಾನು ಜೀವನಪೂರ್ತಿ ತಪ್ಪು ಮಾಡ್ತಾ ಇರ್ಬೇಕಾ?”

“ಅದ್ರಿಂದ ನಿಮ್ಮ ಗಂಟೇನು ಹೋಗುತ್ತೆ? ನನ್ನನ್ನ ಕಟ್ಕೊಂಡು ಬಾಳಿಲ್ವಾ?”

“ಅದು ಒಂದೇ ಸಲ ಮಾಡಿದ್ದು” ಎನ್ನುತ್ತಾರೆ ರೀಲಣ್ಣ. ಮೂಲೆಯಲ್ಲಿ ಮೊದಲ ಚುಕ್ಕೆ ಮಿಂಚುತ್ತದೆ. ಟಿಕೆಟ್ ಅಕ್ಕ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಎರಡನೇ ಚುಕ್ಕೆ. ದೊಡ್ಡವ್ನು ಮುಚ್ಚುತ್ತಾನೆ, ಚಿಕ್ಕವ್ನು ತೆರೆಯುತ್ತಾನೆ.

ಪರದೆಯ ಮೇಲೆ ಖಾಲಿ ಚರ್ಚು. ಟೋಪಿ ಹಿಂಡುವ ಕೈ. ಅಂಗಡಿಯ ಮುಂದೆ ಇನ್ನೂ ಯಾರೂ ಬಂದಿಲ್ಲ. ಒಂದೇ ಒಂದು ಬೂಟೂ ಇಲ್ಲ. ಕೆಳಗೆ ಸದ್ದಡಗಿದೆ. ರೀಲಣ್ಣ ಬಾಗಿಲಿನ ಅಗುಳಿ ಬಿದ್ದಿದೆಯೇ ಎಂದು ನೋಡಿಕೊಂಡು ಗಾಜಿನ ಕಿಂಡಿಗೆ ಮೂಗು ತಾಗಿಸಿ ನಿಲ್ಲುತ್ತಾರೆ. ನಾಯಕ ತಲೆಯೆತ್ತುತ್ತಾನೆ: ಯಾರಾದ್ರೂ ಇದ್ದೀರಾ?

ಬಾಲ್ಕನಿಯಿಂದ ಅದೇ ದನಿ, ಈಗ ಸ್ವಲ್ಪ ಒಡಕು: “ಬಂದಿದ್ದಾರೆ ಕಣೋ ಮಹಾರಾಯ!” ಅದರ ಬೆನ್ನಿಗೇ ಇಡೀ ಥಿಯೇಟರು: “ಬಾಗಿಲಲ್ಲೇ ನಿಂತಿದ್ದಾರೆ, ಹೋಗೋ!”

“ಎಲ್ಲಿ ಬಂದಿದ್ದಾರ್ರೋ!” ರೀಲಣ್ಣ ಗಾಜಿಗೆ ಬಡಿಯುತ್ತಾರೆ. “ಇನ್ನೂ ಯಾರೂ ಬಂದಿಲ್ಲ ಕಣ್ರೋ! ಮುಂದಿನ ರೀಲಲ್ಲಿ ಬರ್ತಾರೆ! ಕಣ್ಣು ಕಾಣಲ್ವೇನ್ರೋ ನಿಮಗೆ!”

ಕೆಳಗೆ ಅವರ ದನಿ ಯಾರಿಗೂ ಕೇಳಿಸುವುದಿಲ್ಲ. ಟಿಕೆಟ್ ಅಕ್ಕ ಚಹಾ ಚೆಲ್ಲುವಷ್ಟು ನಗುತ್ತಾರೆ. ಏಳನೇ ರೀಲಿನಲ್ಲಿ ಊರವರು ಬೂಟು ಹಿಡಿದು ಬಂದಾಗ, ಮೊದಲೇ ಹೇಳಿದ್ವಲ್ಲ ಎಂಬಂತೆ ಜನ ತಲೆಯಾಡಿಸುತ್ತಾರೆ. ಟೋಪಿ ಒಂದೇ ಸಲ ಹೋಗುತ್ತದೆ, ತಿರುಗಿ ಬರುವುದಿಲ್ಲ. ಬೇಕರಿಯವರು ಅದನ್ನೂ ಗಮನಿಸುವುದಿಲ್ಲ. ಆಟ ಮುಗಿಯುತ್ತದೆ. ಒಂದು ಕುರ್ಚಿಯೂ ಮುರಿದಿಲ್ಲ. ಚಪ್ಪಾಳೆ ಹೊಡೆದು, ಮೂಗು ಒರೆಸಿಕೊಂಡು ಎಲ್ಲರೂ ಬೆಳಕಿಗೆ ಹೋಗುತ್ತಾರೆ.

ರೀಲಣ್ಣ ಸ್ಟೂಲಿನ ಮೇಲೆ ಕುಸಿಯುತ್ತಾರೆ. “ಒಬ್ಬನಿಗೂ ಗೊತ್ತಾಗ್ಲಿಲ್ಲ. ಮೂವತ್ತು ವರ್ಷ ಕಾದು ಸರಿ ಮಾಡಿದ್ರೆ ಒಬ್ಬನೂ... ಇವ್ರಿಗೆ ಸಿನಿಮಾ ಬೇರೆ ಕೇಡು.”

“ರೀ” ಎನ್ನುತ್ತಾರೆ, ಬಡಿತ ಕೇಳಿ ಅಗುಳಿ ತೆಗೆದ ಟಿಕೆಟ್ ಅಕ್ಕ. “ಬಾಗಿಲಲ್ಲಿ ಬಂದು ನಿಂತಿದ್ದಾರೆ ನೋಡಿ.”

ಸಿಸ್ಟರ್. ಬಿಳಿ ಕೋಟಿನ ಮೇಲೆ ಸ್ವೆಟರ್, ಕೈಯಲ್ಲಿ ಊಟದ ಡಬ್ಬಿಯ ಚೀಲ, ಮೆಟ್ಟಿಲು ಹತ್ತಿದ ಏದುಸಿರು.

“ಏನ್ ರೀಲಣ್ಣ ಇದು? ಜನ ಬರೋಕೆ ಇಷ್ಟೊತ್ತು ಮಾಡೋದಾ? ನನ್ನ ಜೀವ ಹೋಗಿ ಬಂತು.”

ರೀಲಣ್ಣ ಎದ್ದು ನಿಲ್ಲುತ್ತಾರೆ. “ಗೊತ್ತಾಯ್ತಾ ಸಿಸ್ಟರ್?”

“ಗೊತ್ತಾಗ್ದೆ ಏನು? ಅಂಗಡಿ ಮುಂದೆ ಒಂದು ನರಪಿಳ್ಳೆ ಇರ್ಲಿಲ್ಲ.”

“ಮತ್ತೆ ಬಂದಿದ್ದಾರೆ ಅಂತ ಯಾಕ್ರೀ ಕೂಗಿದ್ರಿ!”

“ಇನ್ನೇನು ಮಾಡ್ಲಿ? ಆ ಮನುಷ್ಯ ಒಬ್ನೇ ಕೂತು ಕೇಳ್ತಿದ್ದಾನೆ. ನಮ್ಮ ವಾರ್ಡಲ್ಲಿ ರಾತ್ರಿಯಿಡೀ ಅದೇ ಗೋಳು. ‘ದೇವ್ರೇ, ಯಾರನ್ನಾದ್ರೂ ಕಳ್ಸಪ್ಪಾ’ ಅಂತಾರೆ. ನಾನು ಪಕ್ಕದಲ್ಲೇ ಇಂಜೆಕ್ಷನ್ ಹಿಡ್ಕೊಂಡು ನಿಂತಿರ್ತೀನಿ. ‘ಬಂದಿದ್ದೀನಿ ಕಣಪ್ಪಾ, ತೋಳು ಚಾಚು’ ಅಂತ ಹೇಳಿ ಹೇಳಿ ಸಾಕಾಗಿದೆ. ಕೆಲವು ಸಲ ಡಾಕ್ಟ್ರು ಇನ್ನೂ ಮನೆಯಿಂದ ಹೊರಟೇ ಇರಲ್ಲ. ಆಗ್ಲೂ ‘ಬಂದ್ರು, ಬಂದ್ರು’ ಅಂತೀನಿ. ಡಾಕ್ಟ್ರು ಬರೋ ತನಕ ಆ ಜೀವ ಇರ್ಬೇಕಲ್ಲ?” ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸುತ್ತಾರೆ. “ಆದ್ರೂ ನನ್ನ ವಯಸ್ಸಿಗೆ ಇಷ್ಟೊತ್ತು ಕಾಯಿಸ್ಬಾರ್ದಿತ್ತು ನೀವು.”

ಬೈದು ಮುಗಿಸಿ, ಟಿಕೆಟ್ ಅಕ್ಕನ ಫ್ಲಾಸ್ಕಿನಿಂದ ಒಂದು ಲೋಟ ಚಹಾ ಕುಡಿದು, ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋಗುತ್ತಾರೆ. ಕೆಳಗೆ ಪೊರಕೆಯ ಸದ್ದು ಶುರುವಾಗಿದೆ. ಒಡೆದ ಕಿಟಕಿಯಲ್ಲಿ ಪಾರಿವಾಳ ಮರಳಿ ಬಂದು ಕೂತಿದೆ. ರೀಲಣ್ಣ ಅದನ್ನು ಓಡಿಸುವುದಿಲ್ಲ. ರೀಲುಗಳನ್ನು ಹಿಂದಕ್ಕೆ ಸುತ್ತಿ, ಒಂದೊಂದಾಗಿ ಡಬ್ಬಿಗೆ ಇಳಿಸುತ್ತಾರೆ. ಆರಕ್ಕೆ ಏಳರ ಮುಚ್ಚಳ, ಏಳಕ್ಕೆ ಆರರ ಮುಚ್ಚಳ, ಮೊದಲು ಇದ್ದ ಹಾಗೆಯೇ. ಆಮೇಲೆ ಕೈ ಒರೆಸಿಕೊಂಡು ನನ್ನ ಹತ್ತಿರ ಬರುತ್ತಾರೆ.

“ನೀವು ಪೇಪರಿನವ್ರು, ನಾಲ್ಕು ಜನ ಗೊತ್ತಿರ್ತಾರೆ. ಆ ಹೊಸ ಪೆಟ್ಟಿಗೆ ಬರುತ್ತಲ್ಲ, ಅದ್ರಲ್ಲಿ ಮಧ್ಯದ್ದನ್ನ ಹಿಂದೆ ಮುಂದೆ ಮಾಡೋಕೆ ಆಗುತ್ತಾ, ಸ್ವಲ್ಪ ವಿಚಾರಿಸಿ ಹೇಳಿ.”

“ಅಯ್ಯೋ ನಿಮ್ಮ!” ಟಿಕೆಟ್ ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. “ಸರಿಯಾಗಿ ತೋರಿಸ್ಬೇಕು ಅಂತ ಕುಣಿದೋರು ಯಾರು?”

“ನಾನು ಸರಿಯಾಗಿ ತೋರಿಸಿ ಆಯ್ತಲ್ಲೇ” ಎನ್ನುತ್ತಾರೆ ರೀಲಣ್ಣ. “ಮುಂದಿನ ವರ್ಷ ಸಿಸ್ಟರ್ ಕಾಯೋದು ಬೇಡ.”