ಬೇಕಾರ್ ಗೇಮು, ಔರಾದ ಬಸ್ಸು

ಜಗತ್ತೆಲ್ಲ ಸೇರಿ ಬೈದ ಆಟ ಅದು. ಹಾಗಂತ ನನಗೆ ಹೇಳಿದವನು ನನ್ನ ಮೈದುನ. ಭಾಲ್ಕಿಯಲ್ಲಿ ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದ ಅವನು ಶನಿವಾರ ಬೀದರಿಗೆ ಬರುವಾಗ ಕೊಳೆ ಬಟ್ಟೆಯ ಗಂಟು ಮತ್ತು ಒಂದು ಪೆನ್‌ಡ್ರೈವ್ ತರುತ್ತಿದ್ದ. ಗಂಟು ನನಗೆ, ಪೆನ್‌ಡ್ರೈವ್ ಕಂಪ್ಯೂಟರಿಗೆ. ಆ ಶನಿವಾರ ಹೊಸದೊಂದು ಆಟ ಹಾಕಿ, ಒಂದು ತಾಸು ಆಡಿ, ಮೌಸನ್ನು ಆ ಕಡೆ ದೂಡಿ ಎದ್ದ.

"ಬೇಕಾರ್ ಗೇಮ್ ಅದ ವೈನಿ. ನೆಟ್‌ನ್ಯಾಗ ಎಲ್ಲಾರೂ ಬೈದಾರ. ಹತ್ತಕ್ಕ ನಾಕು ಮಾರ್ಕ್ಸ್ ಕೊಟ್ಟಾರ. ಅಳಿಸಿ ಹಾಕ್ತೇನಿ."

"ಇರಲಿ ಬಿಡು," ಅಂದೆ. "ಹತ್ತಕ್ಕ ನಾಕು ಅಂದ್ರ ಪಾಸೇ ಅಲ್ಲೇನು?"

ಅವನು ನಕ್ಕು ಬಿಟ್ಟ. ನಾನು ನಗಲಿಲ್ಲ. ಬಿ.ಎಡ್. ಮಾಡಿದವಳು ನಾನು. ಮೂವತ್ತೈದು ಬಂದವರನ್ನೂ ಮುಂದಿನ ತರಗತಿಗೆ ಕಳಿಸಬೇಕು ಅಂತ ಕಲಿತು ಬಂದವಳು.

ಆಗ ನಾವು ಬೀದರಿನ ಚಿದ್ರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಸ್ವಂತ ಊರು ಔರಾದ ತಾಲೂಕಿನ ಎಕಂಬಾ. ಎರಡು ಮಳೆಗಾಲ ಸಾಲಾಗಿ ಕೈಕೊಟ್ಟು, ಊರ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿಲ್ಲವಾದಾಗ ನನ್ನ ಗಂಡ ಕೆಲಸ ಹುಡುಕಿಕೊಂಡು ಪುಣೆಗೆ ಹೋದರು. ಊರಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಮಾವ, ಅತ್ತೆ, ನಾನು ಮೂವರೂ ಗಂಡನ ಹಳೆಯ ಕಂಪ್ಯೂಟರನ್ನೂ ಕಟ್ಟಿಕೊಂಡು ಬೀದರಿಗೆ ಬಂದೆವು. ಮಾವ ನಿವೃತ್ತ ಶಾಲಾ ಮಾಸ್ತರರು. ಅತ್ತೆಗೆ ಎರಡೂ ಮೊಣಕಾಲು ನೋವು, ಗೋಡೆ ಹಿಡಿಯದೆ ನಡೆಯಲಾರರು.

ಚಿದ್ರಿಯಲ್ಲೂ ನಲ್ಲಿ ಒಣಗಿತ್ತು, ಆದರೆ ಟ್ಯಾಂಕರ್ ಬರುತ್ತಿತ್ತು. ಯಾವ ದಿನ, ಎಷ್ಟು ಹೊತ್ತಿಗೆ ಅನ್ನುವುದು ಮಾತ್ರ ಡ್ರೈವರನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಹಾರ್ನ್ ಕೇಳಿದ ಕೂಡಲೇ ಕೊಡ, ಬಕೆಟ್ಟು ಎತ್ತಿಕೊಂಡು ಓಡಬೇಕು. ಪಾಳಿ ತಪ್ಪಿದರೆ ಇನ್ನು ಮೂರು ದಿನವೋ ನಾಲ್ಕು ದಿನವೋ. ಹಾಗಾಗಿ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬರು ಇರಲೇಬೇಕು ಅಂತ ಆಯಿತು. ಆ ಒಬ್ಬರು ಯಾರು ಅನ್ನುವ ಚರ್ಚೆ ನಮ್ಮ ಮನೆಯಲ್ಲಿ ನಡೆಯಲೇ ಇಲ್ಲ. ಅತ್ತೆಗೆ ಆಗುವುದಿಲ್ಲ. ಮಾವ ಬೆಳಿಗ್ಗೆ ಕ್ರಾಸಿನ ಹೋಟೆಲಿಗೆ ಹೋಗಿ ಪೇಪರಿನ ಕೊನೆಯ ಸಾಲಿನವರೆಗೆ ಓದಿ, ಚಹಾ ಕುಡಿದು, ಊಟದ ಹೊತ್ತಿಗೆ ಬರುವವರು. ಉಳಿದವಳು ನಾನು. ಎಂಟು ತಿಂಗಳು ನಾನು ಓಣಿಯ ತಿರುವು ದಾಟಿ ಹೋದದ್ದನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಹಾಗೆ ಕೂತು ಕೂತು ಆ ಬೇಕಾರ್ ಆಟಕ್ಕೆ ಅಂಟಿಕೊಂಡೆ. ಒಂದು ಕೋಟೆ. ಒಳಗೆ ಒಬ್ಬ ಮನುಷ್ಯ ಸಿಕ್ಕಿಬಿದ್ದಿದ್ದಾನೆ, ಕಾವಲುಗಾರರ ಕಣ್ಣು ತಪ್ಪಿಸಿ ಹೊರಗೆ ಬರಬೇಕು. ಕತ್ತಿ ಇದೆ, ಎಳೆದರೆ ಸತ್ತ ಅಂತಲೇ ಅರ್ಥ. ನೆಟ್ಟಿನವರು ಬೈದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗೋಡೆ ಮೊಣಕಾಲೆತ್ತರ ಇದ್ದರೂ ಆ ಭೂಪ ಹತ್ತಿ ದಾಟಲಾರ. ಬಾಗಿಲು ಹಾರು ಹೊಡೆದಿರುತ್ತದೆ, ಹೋದರೆ ಕಾಣದ ಯಾವುದೋ ತಡೆಗೆ ಬಡಿದು ನಿಲ್ಲುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಯಾರ ಕಣ್ಣಿಗೆ ಬಿದ್ದೆ ಅನ್ನುವುದೇ ತಿಳಿಯುವುದಿಲ್ಲ. ಎಲ್ಲಿಂದಲೋ ಗಂಟೆ ಹೊಡೆದುಕೊಳ್ಳುತ್ತದೆ, ಬಾಗಿಲುಗಳು ಮುಚ್ಚುತ್ತವೆ, ಮತ್ತೆ ಮೊದಲಿನ ಕೋಣೆಗೆ. ಇದು ಅನ್ಯಾಯ, ಹೀಗೆಲ್ಲಾದರೂ ಇರುತ್ತದೆಯೇ ಅಂತ ಆಟ ಬಲ್ಲವರು ಬರೆದಿದ್ದರಂತೆ. ಅವರು ಯಾರೂ ಎಕಂಬಾದ ಮಾಸ್ತರರ ಸೊಸೆಯಾಗಿರಲಿಲ್ಲ.

ಅತ್ತೆ ಮಂಚದ ಮೇಲೆ ಕೂತು ನನ್ನ ಆಟ ನೋಡುತ್ತಿದ್ದರು. ಮೊದಲು ಅದನ್ನು ಧಾರಾವಾಹಿ ಅಂದುಕೊಂಡಿದ್ದರು. ಆಮೇಲೆ ನನಗಿಂತ ಹುರುಪು ಅವರಿಗೆ. "ಹಿಂದ ಬಂದಾನ ನೋಡು, ಹಿಂದ! ಮೂಲ್ಯಾಗ ಕೂಡ್ರು!" ಅಂತ ಕೂಗುತ್ತಿದ್ದರು. ಸಿಕ್ಕಿಬಿದ್ದಾಗ ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡು, "ಪಾಪ, ಇಂವ ಯಾವಾಗ ಹೊರಗ ಬೀಳ್ತಾನೋ," ಅನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ಕೆಲವೊಮ್ಮೆ ಅಳುವೂ ಬರುತ್ತಿತ್ತು, ಅದನ್ನು ಹೇಳಲು ಈಗ ನಾಚಿಕೆಯೇನಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಔರಾದದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡಕ್ಕೆ ಶಿಕ್ಷಕಿ ಬೇಕಾಗಿದ್ದಾರೆ ಅಂತ ಬಿ.ಎಡ್. ಗೆಳತಿ ಫೋನ್ ಮಾಡಿದಳು. ಬೀದರಿನಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರ. ಊಟಕ್ಕೆ ಬಡಿಸುವಾಗ ಮಾವನ ಮುಂದೆ ಮಾತು ತೆಗೆದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಓದಿದಾಕಿ ಇದ್ದಿ, ನೌಕರಿ ಮಾಡಬ್ಯಾಡ ಅಂತ ನಾ ಅನ್ನಾಂಗಿಲ್ಲ. ಆದ್ರ ಟ್ಯಾಂಕರ್ ಬಂದ್ರ ಮನ್ಯಾಗ ಯಾರರೆ ಇರಬೇಕಲ್ಲ ಯವ್ವಾ? ಮಳಿ ಆಗಲಿ, ಆಮ್ಯಾಲ ನೋಡೋಣು."

ಗದರಲಿಲ್ಲ, ಮುಖ ಗಂಟು ಹಾಕಲಿಲ್ಲ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಲು ನನಗೆ ಸುಲಭವಾಗುತ್ತಿತ್ತು. ಮಳೆ ಬರುವುದು ನನ್ನ ಕೈಲೂ ಇಲ್ಲ, ಅವರ ಕೈಲೂ ಇಲ್ಲ. ಶಾಲೆಯವರು ಮಾತ್ರ ಜೂನ್‌ವರೆಗೂ ಕಾಯುವುದಿಲ್ಲ. ನಾನು ತಟ್ಟೆ ಎತ್ತಿದೆ, ಮರುದಿನ ಯಾರಿಗೂ ಹೇಳದೆ ಅರ್ಜಿ ಹಾಕಿದೆ.

ಇಂಟರ್‌ವ್ಯೂ ದಿನ ಗೊತ್ತಾದ ಮೇಲೆ ನಾನು ಯೋಚಿಸಿದ್ದೆಲ್ಲ ಆ ಆಟದ ರೀತಿಯಲ್ಲೇ. ಮಾವ ಎಷ್ಟು ಹೊತ್ತಿಗೆ ಹೋಟೆಲಿಗೆ ಹೋಗುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ, ಓಣಿಯ ತಿರುವಿನ ಅಂಗಡಿಯಾತ ಯಾವಾಗ ಒಳಗೆ ಹೋಗುತ್ತಾನೆ, ಎಲ್ಲ ಬಾಯಿಪಾಠ. ನನ್ನ ತವರು ಭಾಲ್ಕಿ. ತಾಯಿಯನ್ನು ನೋಡಿ ಬರುತ್ತೇನೆ ಅಂದರೆ ಯಾರೂ ತಡೆಯುವುದಿಲ್ಲ. ಹಿಂದಿನ ದಿನವೇ ಟ್ಯಾಂಕರ್ ಬಂದು ಹೋಗಿದ್ದು ನನ್ನ ಪುಣ್ಯ ಅಂದುಕೊಂಡೆ. "ಭಾಲ್ಕಿಗೆ ಹೋಗಿ ಮಧ್ಯಾಹ್ನಕ್ಕ ಬರ್ತೇನಿ ಅತ್ತಿ," ಅಂದೆ. ಅತ್ತೆ ತಲೆಯಾಡಿಸಿದರು. ಸರ್ಟಿಫಿಕೇಟುಗಳನ್ನು ಸೀರೆಯೊಂದರಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದ್ದೆ.

ಬಸ್‌ಸ್ಟ್ಯಾಂಡಿನಲ್ಲಿ ನೋಡಿದವರಿಗೆ ಕಾಣಲಿ ಅಂತ ಭಾಲ್ಕಿ ಬಸ್ಸಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಮೊದಲನೆಯ ಔರಾದ ಬಸ್ಸು ತುಂಬಿತ್ತು, ಬಿಟ್ಟೆ. ಎರಡನೆಯದು ಇನ್ನೇನು ಹೊರಡಬೇಕು ಅನ್ನುವಾಗ ಹತ್ತಿ, ಡ್ರೈವರನ ಹಿಂದಿನ ಹೆಂಗಸರ ಸೀಟಿನಲ್ಲಿ ಕಿಟಕಿಗೆ ಕೂತು, ಸೆರಗು ಹೊದ್ದುಕೊಂಡೆ. ಹಿಂದೆ ತಿರುಗಿ ನೋಡಲಿಲ್ಲ. ಊರು ಹಿಂದೆ ಬಿತ್ತು. ಮಾಂಜ್ರಾ ನದಿಯ ಸೇತುವೆಯ ಕೆಳಗೆ ಬರೀ ಮರಳು. ಆದರೂ ನನಗೆ ಎಂಟು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಕೇಳಬಹುದಾದ ಪ್ರಶ್ನೆಗಳಿಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತ ಕೂತೆ.

ಕಂಡಕ್ಟರ್ ಬಂದ. ನಾನು ದುಡ್ಡು ಮುಂದೆ ಹಿಡಿದು "ಔರಾದ ಒಂದು" ಅಂದೆ. ಅವನು ದುಡ್ಡು ಮುಟ್ಟಲಿಲ್ಲ.

"ನಿಮ್ದು ಟಿಕೆಟ್ ಆಗ್ಯಾದ್ರಿ ಅಕ್ಕಾರ. ಹಿಂದ ತಗೊಂಡಾರ."

ನಮ್ಮ ಕಡೆಯ ಮರ್ಯಾದೆ ಇದು. ಪರಿಚಯದವರು ಬಸ್ಸಿನಲ್ಲಿದ್ದರೆ, ಅದರಲ್ಲೂ ಹೆಣ್ಣುಮಗಳಾಗಿದ್ದರೆ, ಅವಳ ಟಿಕೆಟ್ಟನ್ನು ಅವಳೇ ತೆಗೆಯಲು ಬಿಡುವುದಿಲ್ಲ. ಕೇಳುವುದಿಲ್ಲ, ಹೇಳುವುದಿಲ್ಲ, ತೆಗೆದುಬಿಡುತ್ತಾರೆ. ಎಷ್ಟೋ ಸಲ ಈ ಮರ್ಯಾದೆ ನನಗೆ ಖುಷಿ ಕೊಟ್ಟಿದೆ. ಅವತ್ತು ದುಡ್ಡು ಹಿಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಮೆಲ್ಲಗೆ ತಿರುಗಿ ನೋಡಿದೆ. ನಾಲ್ಕನೆಯ ಸೀಟಿನಿಂದ ಬಿಳಿ ಅಂಗಿಯ, ವಿಭೂತಿ ಹಚ್ಚಿದ ನಡುವಯಸ್ಸಿನವರೊಬ್ಬರು ಎದ್ದು ನಿಂತು ಕೈ ಮುಗಿದರು.

"ಶರಣ್ರಿ ಅಕ್ಕಾರ. ಎಕಂಬಾ ಮಾಸ್ತರ ಸೊಸಿ ಅಲ್ರಿ ನೀವು? ಮದುವ್ಯಾಗ ನೋಡಿದ್ದೆ. ನಾ ಸರ್ ಕೈಯಾಗ ಕಲ್ತಾಂವ. ಬಾಳ ದಿನ ಆಯ್ತು ಸರ್ ಜೋಡಿ ಮಾತಾಡಿ. ಈಗೇ ಫೋನ್ ಹಚ್ತೀನಿ, ಖುಷಿ ಪಡ್ತಾರ."

ಬೇಡ ಅಂದರೆ ಯಾಕೆ ಅಂತ ಹೇಳಬೇಕು. ಮಾವ ಮೂವತ್ತು ವರ್ಷ ಕಲಿಸಿದವರು. ಔರಾದ, ಭಾಲ್ಕಿ, ಬೀದರ ಅಂತ ಯಾವ ದಾರಿಯಲ್ಲಿ ಹೋದರೂ ಅವರ ಶಿಷ್ಯರಿಲ್ಲದ ಬಸ್ಸಿಲ್ಲ ಅನ್ನುವುದು ನನಗೆ ಗೊತ್ತೇ ಇತ್ತು. ಕೋಟೆಯ ಕಾವಲುಗಾರರ ಲೆಕ್ಕ ಇಟ್ಟವಳು ಇವರನ್ನು ಹೇಗೆ ಮರೆತೆ?

ಬಸ್ಸು ಸಂತಪುರದಲ್ಲಿ ನಿಂತಿತು. ನಾನು ಇಳಿದುಬಿಟ್ಟೆ.

ಯಾಕೆ ಇಳಿದೆ ಅಂತ ಆ ಕ್ಷಣ ಕೇಳಿದ್ದರೆ, ವಾಪಸು ಹೋಗಿ ತಪ್ಪು ಬಸ್ಸು ಹತ್ತಿದ್ದೆ ಅಂತ ಹೇಳುತ್ತೇನೆ ಅನ್ನುತ್ತಿದ್ದೆನೇನೋ. ಭಾಲ್ಕಿಯಲ್ಲಿ ಹುಟ್ಟಿ ಬೆಳೆದವಳಿಗೆ ಭಾಲ್ಕಿ ಬಸ್ಸು ತಿಳಿಯಲಿಲ್ಲವಂತೆ! ಆದರೆ ಮೂರು ತಿಂಗಳು ಆ ಆಟದಿಂದ ಕೈ ಕಲಿತದ್ದು ಅದೊಂದೇ. ಗಂಟೆ ಹೊಡೆದರೆ ಮೊದಲಿನ ಕೋಣೆಗೆ ಓಡು. ಬಸ್ಸು ಮುಂದೆ ಹೋಗುವಾಗ ಆ ಶಿಷ್ಯರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕಾರ, ಔರಾದ ಇನ್ನಾ ಮುಂದ ಅದ್ರಿ!" ಅಂತ ಗಾಬರಿಯಿಂದ ಕೂಗಿದರು.

ಬೀದರಿನ ಕಡೆಯ ಬಸ್ಸಿಗೆ ಒಂದು ತಾಸಿಗಿಂತ ಹೆಚ್ಚು ಕಾದೆ. ಅಷ್ಟರಲ್ಲಿ ಔರಾದದ ಕಡೆ ಎರಡು ಬಸ್ಸು ಹೋದವು. ಮೊದಲನೆಯದು ಬಂದಾಗ ಇನ್ನೂ ಹೊತ್ತಿತ್ತು. ಹತ್ತಿದ್ದರೆ ಮುಟ್ಟುತ್ತಿದ್ದೆ. ಮೆಟ್ಟಿಲ ಹತ್ತಿರದವರೆಗೂ ಹೋಗಿ ನಿಂತೆ. ಎರಡನೆಯದು ಹೋಗುವಾಗ ಹನ್ನೊಂದಾಗಿತ್ತು, ನನ್ನ ಹೆಸರು ಕರೆಯುವ ಹೊತ್ತು. ಅಲ್ಲಿ ಬಿಸಿಲಲ್ಲಿ ನಿಂತು ನನಗೆ ನನ್ನ ಮೇಲೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಒಂದು ನಾಲ್ಕು ಜನರ ಮುಂದೆ ಕೂತು, ನೋಡಿ, ನಾನಿದ್ದೇನೆ, ನನಗೆ ಪಾಠ ಮಾಡಲು ಬರುತ್ತದೆ ಅಂತ ತೋರಿಸಲು ಹೊರಟವಳು ನಾನು. ಅದಕ್ಕೆ ಯಾರ ಕಣ್ಣಿಗೂ ಬೀಳದ ಹಾಗೆ ತಯಾರಾಗಿ ಹೊರಟಿದ್ದೆ.

ಮೈದುನ ಇವತ್ತಿಗೂ ಚುಡಾಯಿಸುತ್ತಾನೆ, ಹತ್ತಕ್ಕೆ ನಾಲ್ಕರ ಆಟವನ್ನು ಕೊನೆಯವರೆಗೂ ಆಡಿದವರು ನೀವೊಬ್ಬರೇ ಅಂತ. ಆಡಬಹುದಾ ಅಂತ ಯಾರಾದರೂ ಕೇಳಿದರೆ ನಾನು ಆಡಿ ಅಂತಲೇ ಹೇಳುತ್ತೇನೆ. ತಾಳ್ಮೆ ಕಲಿಸುತ್ತದೆ, ಹೊತ್ತು ಹೋಗುತ್ತದೆ, ಅತ್ತೆಯ ಜೊತೆ ನಗುವುದಕ್ಕೂ ಆಗುತ್ತದೆ. ಬೈದವರು ಬೈದ ತಪ್ಪುಗಳು ನನಗೆ ತಪ್ಪು ಅನ್ನಿಸಲೇ ಇಲ್ಲ. ಅಡಗಿದವನಿಗಷ್ಟೇ ಗೆಲುವು ಅಂತ ಅದು ಹೇಳುತ್ತದಲ್ಲ, ಅದು ಮಾತ್ರ ತಪ್ಪು. ಆ ತಪ್ಪನ್ನು ನೆಟ್ಟಿನಲ್ಲಿ ಬರೆದವರು ಯಾರೂ ಇಲ್ಲ.

ಚಿದ್ರಿಗೆ ಮುಟ್ಟಿದಾಗ ಎರಡು ಗಂಟೆ ಇರಬಹುದು. ಓಣಿಯ ತಿರುವಿನಲ್ಲೇ ನೆಲ ಒದ್ದೆಯಾಗಿತ್ತು. ಟ್ಯಾಂಕರ್ ಬಂದು ಹೋಗಿದೆ. ನಿನ್ನೆ ಬಂದದ್ದು ಇವತ್ತೂ ಬಂದಿದೆ! ಬಾಗಿಲಲ್ಲಿ ಮಾವ ಮೆಟ್ಟಿಲ ಮೇಲೆ ಕೂತಿದ್ದರು. ಧೋತರ ಮೇಲೆತ್ತಿ ಕಟ್ಟಿತ್ತು, ಬನಿಯನ್ ನೆನೆದು ಮೈಗೆ ಅಂಟಿತ್ತು, ಪಕ್ಕದಲ್ಲಿ ಫೋನು. ಒಳಗೆ ಅತ್ತೆ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

"ಔರಾದಕ್ಕ ಹೊಂಟಿದ್ದೇನು?" ಅಂದರು ಮಾವ.

"ಹೌದ್ರಿ."

"ಸಾಲಿ ಇಂಟರ್‌ವ್ಯೂಕ?"

"ಹೌದ್ರಿ ಮಾವಾರ."

ಬೈಗುಳಕ್ಕೆ ಕಾದು ನಿಂತೆ. ಸುಳ್ಳು ಹೇಳಿದ್ದೆ, ಬೈಯಬೇಕಾದದ್ದು ನ್ಯಾಯವೇ. ಅವರು ಹಣೆಯ ಬೆವರು ಒರೆಸಿಕೊಂಡು, ಪಾಠ ಒಪ್ಪಿಸುವಾಗ ನಡುವೆ ತಡವರಿಸಿದ ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದರು:

"ಮತ್ತ, ಸಂತಪುರದಾಗ ಯಾಕ ಇಳದಿ?"

ಅವರನ್ನು ದಾಟಿ ಒಳಗೆ ಹೋದೆ. ಡ್ರಮ್ಮು ಕಂಠದವರೆಗೆ ತುಂಬಿತ್ತು. ಆರೂ ಕೊಡ ತುಂಬಿ ಸಾಲಾಗಿ ಇಟ್ಟಿದ್ದರು, ಬಾಯಿಗೆ ಬಟ್ಟೆ ಕಟ್ಟಿ, ನಾನು ಕಟ್ಟುವುದಕ್ಕಿಂತ ಓರಣವಾಗಿ. ನಾನು ಒಂದೊಂದನ್ನೇ ಮುಟ್ಟಿ ನೋಡಿದೆ. ಆಮೇಲೆ ಬಾಗಿಲಿಗೆ ಬಂದು, ಜೀವನದಲ್ಲಿ ಮೊದಲ ಸಲ ಮಾವನನ್ನು ಎದುರು ನಿಂತು ಕೇಳಿದೆ.

"ನೀರ ಯಾರ ಹಿಡದಾರ್ರಿ?"

"ನಾನೇ. ಹಾರ್ನ್ ಕೇಳಿ ಹೋಟೆಲ್‌ನಿಂದ ಓಡಿ ಬಂದೆ. ಮತ್ತ್ಯಾರ ಇದ್ರು ಮನ್ಯಾಗ?"

"ಎಲ್ಲಾ ತುಂಬಾಕ ಎಷ್ಟ್ ಹೊತ್ತ ಹಿಡೀತ್ರಿ ಮಾವಾರ?"

ಅವರು ಒದ್ದೆ ಧೋತರದ ತುದಿಯನ್ನು ಹಿಂಡಿದರು, ಇನ್ನೊಂದು ಸಲ ಹಿಂಡಿದರು.

"ಅರ್ಧಾ ತಾಸು," ಅಂದರು. ಹಾಗಂದ ಮೇಲೆ ಅವತ್ತು ಸಂಜೆಯವರೆಗೂ ಅವರು ನನ್ನ ಮುಖ ನೋಡಲಿಲ್ಲ.