ಟೋನ್ ಬರದ ತಂತಿ

ಟೆಲಿಫೋನ್ ಲೈನ್‌ಮನ್‌ಗೆ ಕಿವಿಯೇ ಬಂಡವಾಳ. ರಸ್ತೆ ಬದಿಯ ಪೆಟ್ಟಿಗೆಯೊಳಗೆ ನೂರಾರು ಜೋಡಿ ತಂತಿಗಳು. ಟೆಸ್ಟ್ ಫೋನ್ ಹಚ್ಚಿದಾಗ ಟೋನ್ ಬಂದರೆ ಆ ಜೋಡಿ ಯಾರದೋ. ಬರದಿದ್ದರೆ ಖಾಲಿ, ಬೇಕಾದವರಿಗೆ ಕೊಡಬಹುದು. ಗೋಕಾಕದಲ್ಲಿ ಕೆಲಸಕ್ಕೆ ಸೇರಿದಾಗ ಹಿರಿಯರು ಕಲಿಸಿದ್ದು ಇಷ್ಟೇ.

ಆಮೇಲೆ ಹುಕ್ಕೇರಿಗೆ ವರ್ಗವಾಯಿತು. ಅಲ್ಲಿ ಕೋರ್ಟಿಗೆ ವಿಡಿಯೋ ಯಂತ್ರ ಬಂದಿತ್ತು. ಕೈದಿಯನ್ನು ವ್ಯಾನಿನಲ್ಲಿ ತರುವ ಬದಲು ಜೈಲಿನಲ್ಲೇ ಕ್ಯಾಮೆರಾ ಮುಂದೆ ಕೂರಿಸಿ, ಜಡ್ಜ್ ಸಾಹೇಬರಿಗೆ ಮುಖ ತೋರಿಸಿ ಮುಂದಿನ ತಾರೀಖು ಪಡೆಯುವ ವ್ಯವಸ್ಥೆ. ಮೂರು ಡಿಜಿಟಲ್ ಟೆಲಿಫೋನ್ ಲೈನ್ ಕೂಡಿದರೆ ಟಿವಿಯಲ್ಲಿ ಮುಖ ಬರುತ್ತಿತ್ತು. ಒಂದು ಸತ್ತರೂ ಇಲ್ಲ. ನಮ್ಮ ಟೆಸ್ಟ್ ಫೋನಿಗೆ ಆ ಲೈನುಗಳಲ್ಲಿ ಟೋನ್ ಕೇಳುವುದಿಲ್ಲ. ಟ್ರೇನಿಂಗ್‌ನಲ್ಲಿ ಅದನ್ನು ಬಾಯಿಪಾಠ ಮಾಡಿಸಿದ್ದರು. ನನ್ನ ಲಕ್ಷ್ಯವೆಲ್ಲ ಚಹಾ ಯಾವಾಗ ಬರುತ್ತದೆ ಎಂಬುದರ ಮೇಲಿತ್ತು.

ಒಂದು ಸೋಮವಾರ ಬಜಾರದ ಬಟ್ಟೆ ಅಂಗಡಿಯ ಫೋನು ಕೆಟ್ಟಿತು. ಮಾಲೀಕ ಬಾಯಿ ಮಾಡುತ್ತಿದ್ದ. ಪೆಟ್ಟಿಗೆ ತೆರೆದು, ಟೋನ್ ಬರದ ಒಂದು ಜೋಡಿ ಹುಡುಕಿ ಅವನಿಗೆ ಕೊಟ್ಟು ಕೈ ತೊಳೆದುಕೊಂಡೆ.

ಮರುದಿನ ಬೆಳಿಗ್ಗೆ ಕೋರ್ಟಿನಿಂದ ಕರೆ ಬಂತು. ಹೋಗಿ ನೋಡಿದರೆ ಟಿವಿ ಕಪ್ಪಗಿತ್ತು. ಬಾಗಿಲಲ್ಲಿ ಬೆಲ್ಲದ ಬಾಗೇವಾಡಿಯ ಹೆಣ್ಣುಮಗಳೊಬ್ಬಳು ಕೂಸು ಎತ್ತಿಕೊಂಡು ನಿಂತಿದ್ದಳು. ಹತ್ತಿಯ ಗಾದಿ ತುಂಬುವ ಕಸುಬಿನ ಅವಳ ಗಂಡ ಹೊಡೆದಾಟದ ಕೇಸಿನಲ್ಲಿ ಒಳಗಿದ್ದ. ಕೂಸು ಹುಟ್ಟಿದ್ದು ಆಮೇಲೆ. ಬಾಣಂತನದ ನಲವತ್ತು ದಿನ ಮುಗಿಸಿ ಅವಳು ಅಂದೇ ಹೊರಬಿದ್ದಿದ್ದಳು. ಗಂಡನಿಗೆ ಜ್ವರ ಇಳಿಯುತ್ತಿಲ್ಲವೆಂದು ಸುದ್ದಿ ಬಂದಿತ್ತು. ಕ್ಯಾಮೆರಾ ಮುಂದೆ ಎರಡು ನಿಮಿಷ ಕೂಸನ್ನು ಹಿಡಿಯಲು ಕೋರ್ಟಿನವರು ಒಪ್ಪಿದ್ದರು.

“ಅಣ್ಣಾರ, ಅವರು ಇನ್ನೂ ಮಗಳ ಮಾರಿ ನೋಡಿಲ್ರಿ. ಸ್ವಲ್ಪ ಲಗೂನ ಮಾಡ್ರಿ,” ಎಂದಳು.

ಪೆಟ್ಟಿಗೆ ತೆರೆದ ಕೂಡಲೇ ಗೊತ್ತಾಯಿತು. ಬಟ್ಟೆ ಅಂಗಡಿಗೆ ನಾನು ಕೊಟ್ಟದ್ದು ಕೋರ್ಟಿನ ಮೂರನೆಯ ಲೈನು. ಸರಿಮಾಡಲು ಹತ್ತು ನಿಮಿಷ ಸಾಕು. ಆದರೆ ಹತ್ತು ನಿಮಿಷದಲ್ಲಿ ಸರಿಯಾದರೆ ಕೆಡಿಸಿದವರು ಯಾರೆಂದು ಕೇಳುತ್ತಾರೆ, ನಮ್ಮ ಇಂಜಿನಿಯರು ಕೋರ್ಟಿನಲ್ಲೇ ಕೂತಿದ್ದರು. ತಿರುಗಿ ಹೋಗಿ, “ಕೇಬಲ್ ನೆಲದಾಗ ಕಟ್ ಆಗೇತ್ರಿ ಸಾಹೇಬ್ರ, ಸಂಜೀತನಾ ಆಗೂದಿಲ್ಲ,” ಎಂದೆ. ನಾಲಿಗೆ ತೊದಲಲೂ ಇಲ್ಲ. ಜನ ನೋಡಲೆಂದು ಗುದ್ದಲಿ ಹಿಡಿದು ಬಿಸಿಲಲ್ಲಿ ಅಗೆದೆ. ಅವಳು ಕೂಸಿನ ತಲೆಗೆ ಸೆರಗು ಹೊದಿಸಿ ಎದುರಿಗೇ ನಿಂತಿದ್ದಳು. ಕೋರ್ಟು ಏಳುವವರೆಗೆ ನಿಂತು ಬಸ್ಸಿಗೆ ಹೋದಳು. ಆಮೇಲೆ ನಾನು ತಂತಿ ಬದಲಿಸಿದೆ.

ಹದಿನೈದು ದಿನದ ಮೇಲೆ ಮುಂದಿನ ತಾರೀಖು. ಮೂರೂ ಲೈನು ಚಂದ ಕೂಡಿದವು. ಆರೋಪಿ ಜ್ವರದಿಂದ ತೀರಿಕೊಂಡನೆಂದು ಜೈಲಿನಿಂದ ಪೊಲೀಸಿನವನೊಬ್ಬ ಟಿವಿಯಲ್ಲಿ ಕಾಗದ ಓದಿದ. ಆ ಪೊಲೀಸಿನವನ ಮೀಸೆಯ ಕೂದಲು ಕೂಡ ಕಾಣುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕೆಲವು ವರ್ಷಗಳ ಮೇಲೆ ಮೂಡಲಗಿಗೆ ವರ್ಗವಾಗಿದ್ದಾಗ ಒಂದು ಮನೆಯ ಫೋನ್ ರಿಪೇರಿಗೆ ಹೋದೆ. ಅದು ಅಂದು ಕೂಸು ಎತ್ತಿಕೊಂಡು ನಿಂತಿದ್ದವಳ ತವರುಮನೆ. ನೋಡಿದವಳೇ ಗುರುತು ಹಿಡಿದಳು.

“ಅವತ್ತ ಬಿಸಲಾಗ ಒಬ್ಬರ ಅಗದ್ರಿ, ನಾ ಮರ್ತಿಲ್ರಿ. ನಮ್ಮ ಸಲುವಾಗಿ ಅಷ್ಟ ಯಾರ ಮಾಡ್ತಾರ?”

ಖರೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಳಗಿನಿಂದ ಮಗಳನ್ನು ಕರೆದು, ಕಾಕಾಗೆ ಸಲಾಂ ಮಾಡು ಎಂದಳು. ಹುಡುಗಿ ಹಣೆಗೆ ಕೈ ಹಚ್ಚಿದಳು. ನಾನೂ ಕೈ ಎತ್ತಿ ಸಲಾಂ ಮಾಡಿದೆ.